ಊರ ಪುಸ್ತಕ ಭಂಡಾರದ ಬಾಗಿಲು



1935ರಲ್ಲಿ ಮೈಸೂರಿನ ಪ್ರಾಧ್ಯಾಪಕರಾದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಚಿಕ್ಕ ಪ್ರಸಾರ ಯಂತ್ರವನ್ನಿಟ್ಟು ಬಾನುಲಿಯನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಸೊಗಸಾದ ಹೆಸರು ಅದಕ್ಕೆ ಬಂದಿತು. ಬಾನುಲಿಯ ಮಾತಿಗೆ ಒಂದು ದೊಡ್ಡ ಸೌಕರ್ಯವುಂಟು: ಅದಕ್ಕೆ ಹೊಸ್ತಿಲಿಲ್ಲ. ಕೇಳುವವರು ಯಾವ ಜಾತಿಯವರು, ಗಂಡಸೋ ಹೆಂಗಸೋ, ಕುಂಟರೋ ಕುರುಡರೋ, ಅಕ್ಷರ ಬಲ್ಲವರೋ ಅಲ್ಲವೋ ಎಂದು ಅದು ಕೇಳುವುದಿಲ್ಲ. ಆದರೆ ಪುಸ್ತಕ ಭಂಡಾರವೆಂಬುದು ಒಂದು ಕಟ್ಟಡ. ಕಟ್ಟಡಕ್ಕೆ ಗೋಡೆಯುಂಟು, ಮೆಟ್ಟಿಲುಂಟು, ಬಾಗಿಲುಂಟು. ಬಾಗಿಲು ಒಳಗೆ ಬಿಡುವುದಕ್ಕೂ ಆಗುತ್ತದೆ, ಹೊರಗೆ ನಿಲ್ಲಿಸುವುದಕ್ಕೂ ಆಗುತ್ತದೆ. ಈ ಬಾಗಿಲಿನ ವಿಚಾರವಾಗಿ ನಾಲ್ಕು ಮಾತುಗಳನ್ನು ಕೇಳುಗರ ಮುಂದೆ ಇಡಬೇಕೆಂದು ನಮ್ಮ ಉದ್ದೇಶ.

ಮಾತು ಗಾಳಿಯಲ್ಲಿ ತೇಲದಂತೆ ಒಂದು ಊರನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಲ್ಲಿ ತಾಯಲೂರು ಎಂಬ ಹೋಬಳಿಯ ಊರುಂಟು. ಆಂಧ್ರದ ಗಡಿ ಅಲ್ಲಿಗೆ ದೂರವಲ್ಲ. ಮನೆಯೊಳಗೆ ತೆಲುಗು, ಶಾಲೆ ಕಚೇರಿಗಳಲ್ಲಿ ಕನ್ನಡ, ಸಂತೆಯಲ್ಲಿ ಎರಡೂ: ಇದು ಆ ಸೀಮೆಯ ವಾಡಿಕೆ. ಕೆರೆಯ ನೀರು, ಕೊಳವೆ ಬಾವಿ, ರಾಗಿ, ಟೊಮ್ಯಾಟೊ, ಹಿಪ್ಪುನೇರಳೆ, ಹಸುವಿನ ಹಾಲು, ಇವುಗಳ ಮೇಲೆ ಅಲ್ಲಿಯ ಜನರ ಬಾಳು ನಿಂತಿದೆ. ಮುಳಬಾಗಿಲೆಂಬ ಹೆಸರು ಮೂಡಣ ಬಾಗಿಲು ಎಂಬುದರಿಂದ ಬಂದಿತೆಂದು ಹಿರಿಯರು ಹೇಳುತ್ತಾರೆ. ತನ್ನ ಹೆಸರಿನಲ್ಲಿಯೇ ಬಾಗಿಲನ್ನು ಇಟ್ಟುಕೊಂಡಿರುವ ಸೀಮೆಯಿದು. ಬಾಗಿಲಿನ ವಿಚಾರವನ್ನು ಮಾತನಾಡಲು ಇದಕ್ಕಿಂತ ತಕ್ಕ ಸ್ಥಳ ಬೇರೆಲ್ಲಿ?

ಈ ತಾಲ್ಲೂಕಿಗೂ ಪುಸ್ತಕಕ್ಕೂ ಹಳೆಯ ನಂಟುಂಟು. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ದಾಟಿದವರಲ್ಲ. ಅವರ ವಿದ್ವತ್ತು ಬಹುಮಟ್ಟಿಗೆ ಸ್ವಂತ ಓದಿನಿಂದ ಬಂದುದು. ಆ ಮಹನೀಯರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದಾಗ ಅದರಲ್ಲಿ ಉಪನ್ಯಾಸಕ್ಕೂ ಓದಿಗೂ ಎಡೆಮಾಡಿದರು. ಓದುವುದೂ ಕೂಡಿ ಮಾತನಾಡುವುದೂ ಒಂದೇ ಕಾರ್ಯದ ಎರಡು ಮುಖಗಳೆಂಬುದು ಅದರಿಂದ ತೋರುತ್ತದೆ. ಶಾಲೆಯ ಮೆಟ್ಟಿಲು ಮುಗಿದ ಮೇಲೂ ಓದು ಮುಂದುವರಿಯಬಲ್ಲದು. ಆದರೆ ಮುಂದುವರಿಯಲು ಅದಕ್ಕೊಂದು ನೆಲೆ ಬೇಕು.

ನಮ್ಮ ನಾಡಿನಲ್ಲಿ ಆ ನೆಲೆ ಹೇಗೆ ಬಂದಿತೆಂಬುದನ್ನು ಸಂಕ್ಷೇಪವಾಗಿ ನೋಡೋಣ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಆ ಕಾಲದಲ್ಲಿಯೇ ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ, ಸಾರ್ವಜನಿಕ ಪುಸ್ತಕ ಭಂಡಾರವು ನೆಲೆಗೊಂಡಿತು. ಕೆಂಪು ಬಣ್ಣದ ಆ ಭವ್ಯ ಕಟ್ಟಡವು ಇಂದಿಗೂ ನಗರಕ್ಕೆ ಅಲಂಕಾರವಾಗಿದೆ. ಮುಂದೆ 1940ರ ದಶಕದಲ್ಲಿ ವಯಸ್ಕರ ಶಿಕ್ಷಣದ ಕಾರ್ಯಕರ್ತರು ಅಕ್ಷರವನ್ನೂ ಅದರ ಹಿಂದೆ ಪುಸ್ತಕವನ್ನೂ ಹಳ್ಳಿಗಳಿಗೆ ಒಯ್ದರು. 1965ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾನೂನಾಯಿತು. ಮನೆ ನಿವೇಶನಗಳ ತೆರಿಗೆಯೊಡನೆ ಗ್ರಂಥಾಲಯ ಕರವೂ ಸೇರಿ ವಸೂಲಾಗುವ ಕ್ರಮ ಬಂದಿತು. 2019ರಲ್ಲಿ ಸುಮಾರು 5,600 ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಆಡಳಿತವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದಿತು. ಈಗ ಅವಕ್ಕೆ ‘ಅರಿವು ಕೇಂದ್ರ’ವೆಂದು ಹೆಸರು. 2020ರಲ್ಲಿ ಮಕ್ಕಳನ್ನು ಅವುಗಳತ್ತ ಕರೆಯಲು ‘ಓದುವ ಬೆಳಕು’ ಎಂಬ ಕಾರ್ಯಕ್ರಮವೂ ಹುಟ್ಟಿತು. ಅಂದ ಮೇಲೆ, ಹಳ್ಳಿಗೆ ಗ್ರಂಥಾಲಯ ಬೇಕೇ ಬೇಡವೇ ಎಂಬ ಪ್ರಶ್ನೆ ಮುಗಿದುಹೋಗಿದೆ. ಅದು ಯಾರ ಗ್ರಂಥಾಲಯವೆಂಬ ಪ್ರಶ್ನೆ ಮಾತ್ರ ಉಳಿದಿದೆ.

ಕೆಲವು ವರ್ಷಗಳ ಹಿಂದೆ ನಾವು ಒಂದು ಹಳ್ಳಿಯ ವಾಚನಾಲಯದಲ್ಲಿ ಅರ್ಧ ದಿನ ಕುಳಿತಿದ್ದೆವು. ಊರಿನ ಹೆಸರು ಇಲ್ಲಿ ಬೇಡ. ದೋಷವು ಆ ಒಂದು ಊರಿನದಲ್ಲ. ಕೋಣೆ ಹತ್ತಡಿ ಅಗಲ, ಹನ್ನೆರಡಡಿ ಉದ್ದ. ನಡುವೆ ಒಂದು ಮೇಜು, ಸುತ್ತಲೂ ಎಂಟು ಜನ ಗಂಡಸರು, ಕೈಯಲ್ಲಿ ದಿನಪತ್ರಿಕೆ. ಪುಸ್ತಕಗಳು ಬೀಗ ಹಾಕಿದ ಬೀರುವಿನಲ್ಲಿದ್ದುವು. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡ ಒಬ್ಬ ತಾಯಿ ಬಾಗಿಲವರೆಗೆ ಬಂದಳು. ಒಳಗೆ ಒಂದು ಸಲ ನೋಡಿದಳು. ಸೆರಗನ್ನು ಸರಿಪಡಿಸಿಕೊಂಡು ಹಿಂದಿರುಗಿದಳು. ಯಾರೂ ಆಕೆಯನ್ನು ತಡೆಯಲಿಲ್ಲ. ಯಾರೂ ಕರೆಯಲೂ ಇಲ್ಲ. ಆ ಬಳಿಕ ಕೋಲೂರಿಕೊಂಡು ಒಬ್ಬ ಮುದುಕರು ಬಂದರು. ನಾಲ್ಕು ಮೆಟ್ಟಿಲು, ಹಿಡಿಕೆಯಿಲ್ಲ. ಕೆಳಗಿನ ಮೆಟ್ಟಿಲಿನಲ್ಲಿಯೇ ಕುಳಿತು, ಒಳಗಿದ್ದ ಹುಡುಗನನ್ನು ಕರೆದು, “ಏನಪ್ಪಾ, ಮಳೆ ವಿಚಾರ ಏನಾದ್ರೂ ಬರ್ದಿದ್ದಾರಾ?” ಎಂದು ಕೇಳಿದರು. ಹುಡುಗನು “ಏನೂ ಇಲ್ಲ ತಾತ” ಎಂದನು. ಮುದುಕರು ಎದ್ದು ಹೋದರು.

ಆ ಇಬ್ಬರೂ ಗ್ರಂಥಾಲಯ ಕರವನ್ನು ತೆತ್ತ ಮನೆಗಳವರು. ಅವರ ಹಣ ಒಳಗೆ ಹೋಗಿತ್ತು. ಅವರು ಹೊರಗೆ ಉಳಿದರು. ಆ ದಿನದ ಹಾಜರಿ ಪುಸ್ತಕದಲ್ಲಿ ಎಂಟು ಜನರ ರುಜುಗಳಿದ್ದುವು. ಹಿಂದಿರುಗಿದವರಿಗೆ ಹಾಜರಿ ಪುಸ್ತಕವಿಲ್ಲ. ಗ್ರಂಥಾಲಯವನ್ನು ಕಟ್ಟುವವರು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದುದು ಬಂದವರನ್ನಲ್ಲ, ಬಾರದವರನ್ನು. ಇಂದು ನಾವು ಹೇಳಬೇಕಾದ ಮಾತೆಲ್ಲ ಇದೊಂದೇ.

ಈ ದೃಷ್ಟಿಯಿಂದ ಮೊದಲ ಪ್ರಶ್ನೆ ನಿವೇಶನದ್ದು. ಹಳ್ಳಿಯಲ್ಲಿ ಸ್ಥಳವೆಂಬುದು ಬರಿಯ ಭೂಮಿಯಲ್ಲ, ಅದಕ್ಕೆ ನೆನಪುಗಳಿರುತ್ತವೆ. ದೇವಸ್ಥಾನದ ಪ್ರಾಕಾರ ಅಗ್ಗವಾಗಿ ದೊರೆಯಬಹುದು; ದೊಡ್ಡ ಮನೆಯವರ ಹಜಾರ ಪುಕ್ಕಟೆಯಾಗಿ ದೊರೆಯಬಹುದು. ಆದರೆ ಯಾರ ಹಿರಿಯರಿಗೆ ಆ ಅಂಗಳವನ್ನು ತುಳಿಯಲು ಬಿಡುತ್ತಿರಲಿಲ್ಲವೋ ಅವರ ಮೊಮ್ಮಗಳ ಕಾಲು ಇಂದಿಗೂ ಅಲ್ಲಿ ಹಿಂಜರಿಯುತ್ತದೆ. ಬಾಲಕ ಅಂಬೇಡ್ಕರರು ಶಾಲೆಯಲ್ಲಿ ಉಳಿದ ಮಕ್ಕಳಿಂದ ದೂರ, ಮನೆಯಿಂದ ತಂದ ಗೋಣಿಯ ಮೇಲೆ ಕುಳಿತು ಕಲಿತವರು. ಮುಂದೆ ಮುಂಬಯಿಯಲ್ಲಿ ‘ರಾಜಗೃಹ’ವನ್ನು ಕಟ್ಟಿಸಿದಾಗ ತಮ್ಮ ಪುಸ್ತಕಗಳಿಗೆ ವಿಶಾಲವಾದ ಎಡೆಯನ್ನು ಅದರಲ್ಲಿ ಮಾಡಿಸಿದರು. ಗೋಣಿಯಿಂದ ಆ ಮನೆಯವರೆಗಿನ ದಾರಿಯನ್ನು ಒಬ್ಬ ಮಹಾಪುರುಷನು ಒಂಟಿಯಾಗಿ ನಡೆದದ್ದು ಅವರ ಹಿರಿಮೆ. ಅದನ್ನು ಒಂಟಿಯಾಗಿ ನಡೆಯಬೇಕಾಗಿ ಬಂದದ್ದು ನಮ್ಮ ಸಮಾಜದ ಕುಂದು. ಆದಕಾರಣ ಗ್ರಂಥಾಲಯವು ಊರಿಗೂ ಕೇರಿಗೂ ಸಮಾನವಾದ ನೆಲದಲ್ಲಿರತಕ್ಕದ್ದು.

ಅಂಥ ನೆಲ ಎಲ್ಲಿದೆ ಎನ್ನುವಿರಾ? ಕೋಲಾರದ ಸೀಮೆಯ ಹಳ್ಳಿಗಳಲ್ಲಿ ಬೆಳಗ್ಗೆಯೂ ಸಂಜೆಯೂ ಜನ ಸೇರುವ ಸ್ಥಳವೊಂದುಂಟು. ಅದು ಹಾಲಿನ ಡೈರಿ. ಹೆಂಗಸರು, ಮುದುಕರು, ಶಾಲೆಯ ಮಕ್ಕಳು ಕ್ಯಾನು ಹಿಡಿದು ಅಲ್ಲಿ ಸಾಲುಗಟ್ಟುತ್ತಾರೆ. ಅಲ್ಲಿಗೆ ಬರಲು ಹೆಂಗಸರು ಕಾರಣ ಹೇಳಬೇಕಾಗಿಲ್ಲ. ಪುಸ್ತಕ ಭಂಡಾರವು ಡೈರಿಯ ಮಗ್ಗುಲಿನಲ್ಲೋ, ಬಸ್ಸು ನಿಲ್ಲುವ ಎಡೆಯಲ್ಲೋ, ಶಾಲೆಗೂ ಪಂಚಾಯಿತಿ ಕಚೇರಿಗೂ ನಡುವೆಯೋ ಇದ್ದರೆ, ಹಾಲು ಹಾಕಿ ಹಿಂದಿರುಗುವಾಕೆ ಒಂದು ಗಳಿಗೆ ಒಳಗೆ ಬಂದು ಹೋಗಬಹುದು. ಬಾಗಿಲು ತೆರೆಯುವ ವೇಳೆಯೂ ಹಾಲು ಹಾಕುವ ವೇಳೆಗೆ ಹೊಂದಿರಬೇಕು. ಕಚೇರಿಯ ವೇಳೆಯಲ್ಲಿ ಮಾತ್ರ ತೆರೆದಿರುವ ಗ್ರಂಥಾಲಯವು, ಜನರೆಲ್ಲ ಹೊಲದಲ್ಲಿರುವಾಗ ತೆರೆದು ಅವರು ಮನೆಗೆ ಬರುವ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ.

ಎರಡನೆಯದು ಮೆಟ್ಟಿಲು. ಮಳೆಯ ನೀರಿಗೂ ಗೆದ್ದಲಿಗೂ ಅಂಜಿ ನಾವು ಪಾಯವನ್ನು ಎತ್ತರಿಸುತ್ತೇವೆ, ಅದು ಸರಿಯೇ. ಆದರೆ ಎತ್ತರದ ಜೊತೆಗೆ ಇಳಿಜಾರು ದಾರಿಯೂ ಬೇಕು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಎಂಬುದು ಈಗ ಒಪ್ಪಿತವಾದ ಲೆಕ್ಕ. ಪಾಯ ಒಂದೂವರೆ ಅಡಿಯಾದರೆ ಇಳಿಜಾರು ಹದಿನೆಂಟು ಅಡಿಯಾಗಬೇಕು. ಸ್ಥಳವಿಲ್ಲವೆಂದು ಅದನ್ನು ಆರು ಅಡಿಗೆ ಇಳಿಸಿ, ಹಲಗೆಯನ್ನು ಒರಗಿಸಿಟ್ಟಂತೆ ಕಟ್ಟಿ, ಕಾನೂನು ಪಾಲಿಸಿದೆವೆಂದು ಬರೆದುಕೊಳ್ಳುವುದುಂಟು. ಗಾಲಿಕುರ್ಚಿಯವರು ಅದನ್ನು ಹತ್ತಲಾರರು. ಹತ್ತಿದರೆ ಹಿಂದಕ್ಕೆ ಉರುಳುವ ಭಯ. 2016ರ ಅಂಗವಿಕಲರ ಹಕ್ಕುಗಳ ಕಾನೂನು ಸಾರ್ವಜನಿಕ ಕಟ್ಟಡಗಳಲ್ಲಿ ಎಲ್ಲರಿಗೂ ಪ್ರವೇಶ ದೊರೆಯಬೇಕೆಂದು ವಿಧಿಸಿದೆ. ಆದರೆ ಕಾನೂನಿನ ಅಂಜಿಕೆಯಿಂದ ಕಟ್ಟಿದುದಕ್ಕೂ ಬರುವವರ ಮೇಲಿನ ಆದರದಿಂದ ಕಟ್ಟಿದುದಕ್ಕೂ ವ್ಯತ್ಯಾಸವುಂಟು. ಬಾಗಿಲು ಮೂರು ಅಡಿಗೆ ಕಡಮೆಯಿಲ್ಲದ ಅಗಲ, ಏಳದಂತೆ ನೆಲಕ್ಕೆ ಸಮವಾದ ಹೊಸ್ತಿಲು, ಕೈಗೆ ಹಿಡಿಕೆ, ಜಾರದ ನೆಲ: ಇವು ಗಾಲಿಕುರ್ಚಿಯವರಿಗೆ ಮಾತ್ರವಲ್ಲ, ಬಸುರಿಗೂ, ಮಂಡಿನೋವಿನ ಅಜ್ಜಿಗೂ, ತಮ್ಮನನ್ನು ಎತ್ತಿಕೊಂಡು ಬರುವ ಪುಟ್ಟ ಹುಡುಗಿಗೂ ಉಪಕಾರವೇ.

ಮೂರನೆಯದು ಒಳಗಿನ ಏರ್ಪಾಡು. “ಎಲ್ಲರೂ ಬಂದರೆ ಗದ್ದಲವಾಗುವುದು, ಓದುವವರಿಗೆ ಶಾಂತಿ ಎಲ್ಲಿಯದು?” ಎಂಬ ಆಕ್ಷೇಪಣೆ ಕೇಳಿಬರುವುದು ಸಹಜ, ಅದರಲ್ಲಿ ನ್ಯಾಯವೂ ಉಂಟು. ಇದಕ್ಕೆ ಉತ್ತರವು ನಮ್ಮ ಹಳೆಯ ಮನೆಗಳಲ್ಲಿಯೇ ಇದೆ. ಮುಂದೆ ಜಗಲಿ, ಅದರ ಹಿಂದೆ ಹಜಾರ, ಅದಕ್ಕೂ ಒಳಗೆ ಕೋಣೆ. ಜಗಲಿಯಲ್ಲಿ ಮಾತು ತಪ್ಪಲ್ಲ: ಅಲ್ಲಿ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಹೇಳಲಿ, ಅಕ್ಷರ ಬಾರದವರು ಕೇಳಲಿ, ಸರ್ಕಾರದ ಅರ್ಜಿಗಳನ್ನು ತುಂಬಿಕೊಡಲಿ. ಹಜಾರ ಮಕ್ಕಳದು: ನೆಲದ ಮೇಲೆ ಚಾಪೆ, ಅವರ ಕೈಗೆಟಕುವ ಕಪಾಟು, ಚಿತ್ರದ ಪುಸ್ತಕ. ಒಳಕೋಣೆ ಮೌನದ್ದು: ಪರೀಕ್ಷೆಗೆ ಓದುವ ತರುಣ ತರುಣಿಯರು ಅಲ್ಲಿ ಕುಳಿತುಕೊಳ್ಳಲಿ. “ಫೋನಿನಲ್ಲಿಯೇ ಎಲ್ಲವೂ ಇರುವಾಗ ಕಟ್ಟಡವೇಕೆ?” ಎನ್ನುವವರಿಗೂ ಇದೇ ಉತ್ತರ. ಒಂದೇ ಕೋಣೆಯ ಮನೆಯಲ್ಲಿ ಐವರ ಜೊತೆ ಬಾಳುವ ಹುಡುಗಿಗೆ ಫೋನು ಪುಸ್ತಕವನ್ನು ಕೊಟ್ಟೀತು. ಕುಳಿತು ಓದುವ ಎಡೆಯನ್ನು ಕೊಡಲಾರದು.

ಪುಸ್ತಕಗಳಿಗೆ ಬೀಗ ಬೇಡ. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳಲ್ಲಿ ಮೊದಲನೆಯದರ ತಾತ್ಪರ್ಯ, ಪುಸ್ತಕಗಳಿರುವುದು ಉಪಯೋಗಕ್ಕಾಗಿ ಎಂಬುದು. ಆ ಆಚಾರ್ಯರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದು, 1962ರಲ್ಲಿ ಅಲ್ಲಿ ಈ ಶಾಸ್ತ್ರದ ಸಂಶೋಧನೆಗಾಗಿ ಒಂದು ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಅಲ್ಲಿಯೇ ಕಾಲವಾದರು. ಕಪಾಟುಗಳು ನಾಲ್ಕು ಅಡಿಗೆ ಮೀರದಿದ್ದರೆ ಕುಳಿತವರ ಕೈಗೂ ಪುಸ್ತಕ ಎಟಕುತ್ತದೆ. ಗೋಡೆಯಿಂದ ಒಂದು ಗೇಣು ಸರಿಸಿಟ್ಟರೆ ಗೆದ್ದಲು ಕಣ್ಣಿಗೆ ಬೀಳುತ್ತದೆ. ಗ್ರಂಥಾಲಯವು ಬೆಳೆಯುವ ವಸ್ತುವೆಂಬುದು ಅವರ ಐದನೆಯ ಸೂತ್ರದ ಭಾವ. ಆದುದರಿಂದ ಕಟ್ಟುವಾಗಲೇ ಒಂದು ಪಕ್ಕದ ಗೋಡೆಯಾಚೆ ಖಾಲಿ ನೆಲವನ್ನು ಬಿಟ್ಟಿರಬೇಕು. ಮುಂದೆ ಕೋಣೆ ಸೇರಿಸಬೇಕಾದಾಗ ಹಳೆಯ ಕಟ್ಟಡವನ್ನು ಕೆಡಹಬೇಕಾಗದು.

ಹೊಸದಾಗಿ ಬಂದವರಿಗೆ ಭಾಷೆಯೂ ಒಂದು ಹೊಸ್ತಿಲೇ. ತಾಯಲೂರಿನಂತಹ ಗಡಿನಾಡ ಊರಿನಲ್ಲಿ ಕನ್ನಡವೇ ಮೊದಲೆಂಬುದರಲ್ಲಿ ಸಂಶಯವಿಲ್ಲ. ಆದರೆ ತೆಲುಗಿನ ಒಂದು ಕಪಾಟು, ಉರ್ದುವಿನ ಒಂದು ಸಾಲು ಅಲ್ಲಿದ್ದರೆ ಕನ್ನಡಕ್ಕೆ ಕುಂದೇನು? ಮನೆಮಾತಿನ ಪುಸ್ತಕಕ್ಕೆಂದು ಒಳಗೆ ಬಂದವನು ಪಕ್ಕದ ಕಪಾಟಿನ ಕನ್ನಡವನ್ನೂ ಮುಟ್ಟುತ್ತಾನೆ. ಮೈಸೂರಿನಲ್ಲಿ ಸಯ್ಯದ್ ಇಸಾಕ್ ಎಂಬ ಕೂಲಿಕಾರ ಗೃಹಸ್ಥರು ತಮ್ಮ ಸ್ವಂತ ಸಂಪಾದನೆಯಿಂದ ನೆರೆಹೊರೆಯವರಿಗಾಗಿ ಒಂದು ಪುಸ್ತಕ ಭಂಡಾರವನ್ನು ನಡೆಯಿಸುತ್ತಿದ್ದರು. ನೆರೆಹೊರೆಯವರು ಕನ್ನಡವನ್ನು ಓದಲೆಂಬುದು ಅವರ ಆಸೆಯಾಗಿತ್ತು. 2021ರ ಏಪ್ರಿಲ್ ತಿಂಗಳಲ್ಲಿ ಅದು ಬೆಂಕಿಗೆ ಆಹುತಿಯಾಗಿ, ಸಾವಿರಾರು ಪುಸ್ತಕಗಳು ಬೂದಿಯಾದುವು. ಸುದ್ದಿ ತಿಳಿದು ನಾಡಿನ ನಾನಾ ಕಡೆಗಳಿಂದ ಜನರು ನೆರವಿಗೆ ಬಂದರು. ಬಡವರ ಕೇರಿಯ ಪುಸ್ತಕಗಳಿಗೂ ಭದ್ರವಾದ ಗೋಡೆ ಬೇಕೆಂಬುದನ್ನು ನಾವು ಆ ಬೂದಿಯಿಂದ ಕಲಿಯಬೇಕಾಗಿತ್ತೇ?

ಭದ್ರವಾದ ಗೋಡೆಯೆಂದರೆ ದುಬಾರಿಯ ಗೋಡೆಯೆಂದು ಅರ್ಥವಲ್ಲ. ಕೋಲಾರದ ಸೀಮೆ ಕಲ್ಲಿನ ಸೀಮೆ. ಕಲ್ಲುಕಂಬ ನೆಟ್ಟು, ಕಲ್ಲುಚಪ್ಪಡಿ ಹೊದಿಸಿ ಮನೆ ಕಟ್ಟುವ ವಿದ್ಯೆ ಅಲ್ಲಿಯ ಕೆಲಸಗಾರರಿಗೆ ತಿಳಿದದ್ದೇ. ತಗಡಿನ ಛಾವಣಿಯಡಿ ಬೇಸಗೆಯ ಮಧ್ಯಾಹ್ನ ಮನುಷ್ಯನೂ ಬೇಯುವನು, ಪುಸ್ತಕವೂ ಸೊರಗುವುದು. ಕಿಟಕಿಗಳನ್ನು ಉತ್ತರ ದಕ್ಷಿಣಗಳಿಗೆ ಇಟ್ಟು, ಪಡುವಣ ಗೋಡೆಯನ್ನು ಕುರುಡಾಗಿ ಬಿಟ್ಟು, ಆ ಕಡೆ ಒಂದು ಹೊಂಗೆಯ ಮರವನ್ನು ಬೆಳೆಸಿದರೆ ಬೆಳಕು ತಂಪು ಎರಡೂ ದೊರೆಯುತ್ತವೆ. ಇನ್ನು ಎರಡು ವಿಷಯಗಳನ್ನು ನಕ್ಷೆ ಬರೆಯುವವರು ಮರೆಯುವುದುಂಟು. ಒಂದು, ನೀರಿರುವ ಶೌಚಗೃಹ. ಅದಿಲ್ಲದೆಡೆ ಹೆಣ್ಣುಮಕ್ಕಳು ಅರ್ಧ ಗಂಟೆಗಿಂತ ಹೆಚ್ಚು ಕೂರಲಾರರು. ಇನ್ನೊಂದು, ಕುಡಿಯುವ ನೀರಿನ ಒಂದೇ ಕೊಳಾಯಿ, ಎಲ್ಲರಿಗೂ ಒಂದೇ ಲೋಟ. ಸಮಾನತೆಯ ವಿಚಾರವಾಗಿ ಕಪಾಟಿನಲ್ಲಿ ಎಷ್ಟು ಪುಸ್ತಕಗಳಿದ್ದರೂ ಆ ಒಂದು ಲೋಟ ಕಲಿಸುವ ಪಾಠವೇ ಹಿರಿದು.

ಇಷ್ಟೆಲ್ಲ ಮಾಡಿದರೂ ಬರಲಾರದವರು ಕೆಲವರು ಉಳಿಯುತ್ತಾರೆ. ಅವರ ಬಳಿಗೆ ಪುಸ್ತಕವೇ ಹೋಗಬೇಕು. ಬರೋಡ ಸಂಸ್ಥಾನದಲ್ಲಿ ಸಯಾಜಿರಾವ್ ಮಹಾರಾಜರ ಕಾಲದಲ್ಲಿ ಪೆಟ್ಟಿಗೆಗಳಲ್ಲಿ ಪುಸ್ತಕಗಳನ್ನು ತುಂಬಿ ಹಳ್ಳಿಗಳಿಗೆ ಕಳುಹಿಸುತ್ತಿದ್ದರು. 1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿಯ ಬಳಿ ಎತ್ತಿನ ಗಾಡಿಯ ಮೇಲೆ ಪುಸ್ತಕ ಭಂಡಾರವೊಂದು ಊರೂರು ಸುತ್ತಿತು. ಕಟ್ಟಡದ ಬಾಗಿಲಿನಷ್ಟೇ ಅಗಲವಾದ ಒಂದು ಪೆಟ್ಟಿಗೆಯ ಕೋಣೆ ಹಿಂಬದಿಯಲ್ಲಿದ್ದರೆ, ಇಂದು ಅದೇ ಕಾರ್ಯವನ್ನು ಒಂದು ಆಟೋ ಮಾಡಬಲ್ಲದು.

ಕೊನೆಯದಾಗಿ, ನಕ್ಷೆಯನ್ನು ಬರೆಯುವವರು ಯಾರು? ಪಟ್ಟಣದಲ್ಲಿ ಒಂದೇ ನಕ್ಷೆಯನ್ನು ಬರೆದು ಸಾವಿರ ಊರಿಗೆ ಕಳುಹಿಸುವುದು ಸುಲಭ. ನಮ್ಮ ಸಲಹೆ ಬೇರೆ. ಗ್ರಾಮಸಭೆಯು ನಡೆಯುವ ದಿನ, ಗೊತ್ತಾದ ನಿವೇಶನದ ಮೇಲೆಯೇ ಸುಣ್ಣದ ಪುಡಿಯಿಂದ ಕಟ್ಟಡದ ನಕ್ಷೆಯನ್ನು ನಿಜವಾದ ಅಳತೆಯಲ್ಲಿ ಎಳೆಯಿರಿ. ಕಾಗದದ ಮೇಲಿನ ಗೆರೆ ಎಂಜಿನಿಯರಿಗೆ ತಿಳಿಯುತ್ತದೆ; ನೆಲದ ಮೇಲಿನ ಗೆರೆ ಎಲ್ಲರಿಗೂ ತಿಳಿಯುತ್ತದೆ. ಊರಿನವರು ಅದರೊಳಗೆ ನಡೆದು ನೋಡಲಿ. ಅಜ್ಜಿ ಜಗಲಿಯಿಂದ ಹಜಾರಕ್ಕೆ ನಡೆಯಲಿ. ಗಾಲಿಕುರ್ಚಿಯವರು ತಿರುಗಿ ನೋಡಲಿ. ಮಕ್ಕಳು ತಮ್ಮ ಮೂಲೆಯನ್ನು ತಾವೇ ಆರಿಸಲಿ. ಶೌಚಗೃಹದ ಬಾಗಿಲು ಎತ್ತ ತೆರೆಯಬೇಕೆಂದು ಹೆಣ್ಣುಮಕ್ಕಳು ಹೇಳಲಿ. ಒಂದು ಚೀಲ ಸುಣ್ಣಕ್ಕೆ ತಗಲುವ ವೆಚ್ಚ ಅತ್ಯಲ್ಪ. ಕಟ್ಟಿದ ಗೋಡೆಯನ್ನು ಒಡೆದು ಬಾಗಿಲು ಅಗಲಿಸುವ ವೆಚ್ಚ ಬಹಳ.

ಕಟ್ಟಡವೇ ಸರ್ವಸ್ವವೆಂದು ನಾವು ಹೇಳುವುದಿಲ್ಲ. ಒಳಗಿರುವ ಗ್ರಂಥಪಾಲಕನ ಮುಖ ಗಂಟಿಕ್ಕಿದ್ದರೆ ಮೂರು ಅಡಿಯ ಬಾಗಿಲೂ ಮುಚ್ಚಿದಂತೆಯೇ. ಆದರೆ ಒಳ್ಳೆಯ ಗ್ರಂಥಪಾಲಕನಿಗೂ ಕೆಟ್ಟ ಕಟ್ಟಡವು ಕೈಗಳನ್ನು ಕಟ್ಟುತ್ತದೆ. ಆ ದಿನ ಮೆಟ್ಟಿಲಿನ ಕೆಳಗೆ ಕುಳಿತಿದ್ದ ಮುದುಕರನ್ನು ನಾವು ಇನ್ನೂ ಮರೆತಿಲ್ಲ. ಅವರು ಕೇಳಿದ್ದು ಮಳೆಯ ಸುದ್ದಿಯನ್ನು. ಒಳಗಿನ ಬೀರುವಿನಲ್ಲಿ ಮಳೆಯ ವಿಚಾರವಾಗಿಯೂ, ಬೆಳೆಯ ವಿಚಾರವಾಗಿಯೂ ಪುಸ್ತಕಗಳಿದ್ದುವು. ಮೆಟ್ಟಿಲು ನಾಲ್ಕೇ ನಾಲ್ಕು. ಹುಡುಗನು ಸುಳ್ಳು ಹೇಳಲಿಲ್ಲ. ಪತ್ರಿಕೆಯಲ್ಲಿ ಆ ದಿನ ಮಳೆಯ ಸುದ್ದಿ ಇರಲಿಲ್ಲ. ಆದರೆ “ಒಳಗೆ ಬನ್ನಿ ತಾತ, ಬೇರೆ ಏನಾದ್ರೂ ನೋಡೋಣ” ಎಂದು ಕರೆಯಲು ಆ ಕಟ್ಟಡವು ಅವನಿಗೆ ಅವಕಾಶ ಕೊಡಲಿಲ್ಲ.

ತಾಯಲೂರಿನಲ್ಲಾಗಲಿ, ನಿಮ್ಮ ಊರಿನಲ್ಲಾಗಲಿ, ಮುಂದೆ ಪುಸ್ತಕ ಭಂಡಾರಕ್ಕೆ ಅಡಿಗಲ್ಲು ಇಡುವ ದಿನ ಬಂದಾಗ, ಕಲ್ಲಿನ ಮೇಲೆ ಯಾರ ಹೆಸರನ್ನು ಕೊರೆಯಬೇಕೆಂದು ಯೋಚಿಸುವುದಕ್ಕೆ ಮೊದಲು, ಆ ಕಟ್ಟಡಕ್ಕೆ ಯಾರು ಬರಲಾರರೆಂದು ಒಂದು ಗಳಿಗೆ ಯೋಚಿಸಿರಿ. ಅವರ ಬಳಿಗೆ ಹೋಗಿ ಕೇಳಿರಿ. ಅವರು ಹೇಳಿದ ಕಡೆಗೆ ಬಾಗಿಲನ್ನು ಇಡಿಸಿರಿ.